ಉದ್ಯಮ ಸಲಹೆ: ಮೊದಲು ಬಾಕಿ, ಆಮೇಲೆ ಜಾಹೀರಾತು

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕವಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿ), ಜಿಎಸ್‌ಟಿ ಎರಡೂ ಎರಡು ವರ್ಷಗಳಿಂದ ನನ್ನ ಹೆಸರಿನಲ್ಲೇ ಇವೆ. ಹೈದರಾಬಾದಿನ ಸಗಟು ವ್ಯಾಪಾರಿಯೊಬ್ಬರಿಗೆ ನಾಲ್ಕು ತಿಂಗಳ ಹಿಂದೆ 800 ಪ್ಯಾಂಟುಗಳನ್ನು ತಲಾ 450 ರೂಪಾಯಿಯಂತೆ ಉದ್ರಿ ಕೊಟ್ಟಿದ್ದೆ. ಶೇ 5ರ ತೆರಿಗೆ ಸೇರಿ ಬಿಲ್ಲು 3,78,000 ರೂಪಾಯಿ. ಪದೇ ಪದೇ ಕೇಳಿದ ಮೇಲೆ ಅವರು ಕೊಟ್ಟ 2 ಲಕ್ಷದ ಚೆಕ್ಕು, ಖಾತೆಯಲ್ಲಿ ಹಣವಿಲ್ಲವೆಂದು ಕಳೆದ ವಾರ ವಾಪಸು ಬಂದಿದೆ. ದಾವೆ ಹೂಡಲು ವಕೀಲರೊಬ್ಬರು 40,000 ರೂಪಾಯಿ ಕೇಳುತ್ತಿದ್ದಾರೆ. ಇತ್ತ ಜಾಹೀರಾತು ಸಂಸ್ಥೆಯೊಂದು ತಿಂಗಳಿಗೆ 20,000 ಕೊಟ್ಟರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂಲಕ ಹೊಸ ಗಿರಾಕಿಗಳನ್ನು ತರುವುದಾಗಿ ಹೇಳುತ್ತಿದೆ. ಬಟ್ಟೆ, ಕೂಲಿ, ವಾಷಿಂಗ್, ಬಾಡಿಗೆ ಎಲ್ಲ ಕಳೆದರೆ ಒಂದು ಪ್ಯಾಂಟಿಗೆ ನನಗೆ ಉಳಿಯುವುದು 35 ರೂಪಾಯಿ. ಕೈಯಲ್ಲಿ 60,000 ಇದೆ. ಯಾವುದಕ್ಕೆ ಮೊದಲು ಖರ್ಚು ಮಾಡಲಿ?
— ಓದುಗರು, ಬಳ್ಳಾರಿ

ಉತ್ತರ: ಉಳಿದೆಲ್ಲವೂ ಒಂದಿಷ್ಟು ದಿನ ಕಾಯಬಹುದು, ಚೆಕ್ಕಿನ ವಿಷಯ ಮಾತ್ರ ಕಾಯುವಂಥದ್ದಲ್ಲ. ಚೆಕ್ಕು ಅಮಾನ್ಯವಾದ ಸಂಗತಿ ಬ್ಯಾಂಕಿನಿಂದ ನಿಮಗೆ ತಿಳಿದ 30 ದಿನಗಳೊಳಗೆ ಅವರಿಗೆ ಲಿಖಿತ ನೋಟಿಸು ಕಳಿಸಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನಗಳ ಅವಕಾಶವಿರುತ್ತದೆ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ದೂರು ದಾಖಲಿಸಬೇಕು. 2015ರ ತಿದ್ದುಪಡಿಯ ನಂತರ, ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಈ ದೂರು ನಡೆಯುವುದರಿಂದ ನೀವು ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ನೋಟಿಸಿನಲ್ಲಿ ಚೆಕ್ಕಿನ ಸಂಖ್ಯೆ, ದಿನಾಂಕ ಬರೆದು, ಚೆಕ್ಕಿನ ಮೊತ್ತವಾದ 2,00,000 ರೂಪಾಯಿಯನ್ನೇ ಸ್ಪಷ್ಟವಾಗಿ ಕೇಳಬೇಕು. ಸಿಟ್ಟಿನಲ್ಲಿ ಪೂರ್ತಿ 3,78,000ವನ್ನು ಒಟ್ಟಾಗಿ ಕೇಳಿ, ಚೆಕ್ಕಿನ ಮೊತ್ತವನ್ನು ಬೇರೆಯಾಗಿ ಹೇಳದ ನೋಟಿಸುಗಳು ನ್ಯಾಯಾಲಯದಲ್ಲಿ ಬಿದ್ದುಹೋದದ್ದುಂಟು. ಆದ್ದರಿಂದ ಈ ಒಂದು ಪತ್ರವನ್ನು ವಕೀಲರಿಂದಲೇ ಬರೆಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನ ಮಾಡಿ.

ಇಡೀ ಬಾಕಿಗಾಗಿ ಈಗಲೇ 40,000 ಕೊಟ್ಟು ಸಿವಿಲ್ ದಾವೆ ಹೂಡುವ ಅಗತ್ಯ ನನಗೆ ಕಾಣುತ್ತಿಲ್ಲ. ಮಾಲಿನ ಹಣದ ವಸೂಲಿಗೆ ಕಾಲಮಿತಿ ಕಾಯ್ದೆ 3 ವರ್ಷಗಳ ಅವಕಾಶ ಕೊಡುತ್ತದೆ. ಅದಕ್ಕೂ ಮೊದಲು ನಿಮಗೆ ಅಗ್ಗದ, ಹೆಚ್ಚು ಬಲವಾದ ದಾರಿಯೊಂದಿದೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿಯನ್ನು, ತೆರಬೇಕಾಗುತ್ತದೆ. ಇದಕ್ಕಾಗಿ ಫೆಸಿಲಿಟೇಶನ್ ಕೌನ್ಸಿಲ್ ಎಂಬ ಮಂಡಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ವಿಚಾರಣೆಯ ಅಧಿಕಾರ ಮಾರಿದವರಿರುವ ಕಡೆಯ ಮಂಡಳಿಗಿದೆ. ಮೊದಲು ರಾಜಿ ಸಂಧಾನ, ಅದು ಮುರಿದರೆ ಮಧ್ಯಸ್ಥಿಕೆ ನಡೆಯುತ್ತದೆ. ಮಂಡಳಿಯ ಆದೇಶವನ್ನು ಪ್ರಶ್ನಿಸಲು ಹೊರಟವರು ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕಾಗಿರುವುದರಿಂದ, ಸುಮ್ಮನೆ ಎಳೆದಾಡಲು ಮೇಲ್ಮನವಿಯ ಮೊರೆಹೋಗುವುದು ಸುಲಭವಲ್ಲ. ಕಾಯ್ದೆ ಹೇಳುವ 90 ದಿನಗಳಲ್ಲೇ ತೀರ್ಮಾನವಾಗುತ್ತದೆಂದು ಮಾತ್ರ ನಂಬಿ ಕೂರಬೇಡಿ. ಮಾಲು ಕಳಿಸುವ ಮೊದಲೇ ನಿಮ್ಮ ಉದ್ಯಮ್ ನೋಂದಣಿ ಆಗಿತ್ತೆಂಬುದು ಇಲ್ಲಿ ನಿಮ್ಮ ಪಾಲಿನ ದೊಡ್ಡ ಬಲ. ಚೆಕ್ಕಿನ ದೂರು, ಮಂಡಳಿಯ ಅರ್ಜಿ ಎರಡೂ ಬೇರೆ ಬೇರೆ ದಾರಿಗಳು. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಅರ್ಜಿಗೂ ಮೊದಲು ಒಂದು ಪತ್ರ ಬರೆದು ನೋಡಿ. ಬಿಲ್ಲಿನ ದಿನಾಂಕದಿಂದ 180 ದಿನಗಳಲ್ಲಿ ಹಣ ಕೊಡದಿದ್ದರೆ, ನಿಮ್ಮ ಬಿಲ್ಲಿನ ಮೇಲೆ ಆ ವ್ಯಾಪಾರಿ ಪಡೆದ 18,000 ರೂಪಾಯಿಯ ತೆರಿಗೆ ಕ್ರೆಡಿಟ್ಟನ್ನು (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮಾಡಿಕೊಂಡ ಕಡಿತವನ್ನು) ಬಡ್ಡಿಸಹಿತ ಹಿಂದಿರುಗಿಸಬೇಕು. ನಾಲ್ಕು ತಿಂಗಳು ಈಗಾಗಲೇ ಕಳೆದಿವೆ. ಜೊತೆಗೆ, 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಸಣ್ಣ ಉದ್ಯಮಗಳಿಗೆ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ವಾಸ್ತವವಾಗಿ ಪಾವತಿಸುವವರೆಗೆ ಅವರು ಖರ್ಚೆಂದು ತೋರಿಸುವಂತಿಲ್ಲ. ಈ ಎರಡನ್ನೂ ಸೌಜನ್ಯದಿಂದಲೇ ಅವರ ಲೆಕ್ಕಪರಿಶೋಧಕರ ಗಮನಕ್ಕೆ ತರುವಂತೆ ಬರೆಯಿರಿ. ವ್ಯಾಪಾರಿಗೆ ಕೇಳಿಸದ ಮಾತು ಎಷ್ಟೋ ಸಲ ಅವರ ಸಿಎಗೆ ಕೇಳಿಸುತ್ತದೆ.

ವಕೀಲರ ಶುಲ್ಕದ ಬಗ್ಗೆ ಇನ್ನೊಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಹಿಳೆಯರನ್ನು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂದು ಹೇಳುತ್ತದೆ. ಘಟಕ ನಿಮ್ಮ ಹೆಸರಿನಲ್ಲಿರುವುದರಿಂದ, ನೀವು ಮಹಿಳೆಯಾಗಿದ್ದರೆ ಈ ನೆರವನ್ನು ಕೇಳಬಹುದು. ಬಿಲ್ಲು, ಲಾರಿ ರಸೀದಿ, ಮಾಲು ತಲುಪಿತೆಂದು ಅವರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿನ ಮೆಮೊ ಇವಿಷ್ಟನ್ನು ಒಂದೇ ಕಡತದಲ್ಲಿ ಜೋಡಿಸಿಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿ. ಖಾಸಗಿ ವಕೀಲರೇ ಬೇಕೆನಿಸಿದರೆ, ಒಟ್ಟು ಮೊತ್ತಕ್ಕೆ ಒಪ್ಪದೆ, ನೋಟಿಸಿಗೆಷ್ಟು, ದೂರಿಗೆಷ್ಟು ಎಂದು ಹಂತ ಹಂತವಾಗಿ ಬರೆಸಿಕೊಳ್ಳಿ.

ಇನ್ನು ಜಾಹೀರಾತು. ನಿಮ್ಮದೇ ಲೆಕ್ಕದಂತೆ ತಿಂಗಳಿಗೆ 20,000 ಹುಟ್ಟಬೇಕಾದರೆ ಹೆಚ್ಚುವರಿಯಾಗಿ 572 ಪ್ಯಾಂಟುಗಳು ಮಾರಾಟವಾಗಬೇಕು, ಅದೂ ಸಂಸ್ಥೆಯ ಶುಲ್ಕ ತೀರಿಸುವುದಕ್ಕಷ್ಟೇ. ಹೈದರಾಬಾದಿನ ಬಾಕಿ ಪೂರ್ತಿ ಮುಳುಗಿದರೆ, 28,000 ರೂಪಾಯಿಯ ಲಾಭವನ್ನು ಬಿಟ್ಟರೂ ಬಟ್ಟೆ, ಕೂಲಿ, ತೆರಿಗೆಯ ರೂಪದಲ್ಲಿ ನಿಮ್ಮಿಂದ ಹೋಗುವುದು 3,50,000. ಅದನ್ನು ತುಂಬಿಕೊಳ್ಳಲು 10,000 ಪ್ಯಾಂಟು ಹೊಲಿಯಬೇಕು. ಉದ್ರಿಯ ಪದ್ಧತಿ ಹೀಗೇ ಇರುವಾಗ ಹೊಸ ಗಿರಾಕಿಗಳನ್ನು ತಂದರೆ ಹೊಸ ಬಾಕಿಗಳೂ ಬರುತ್ತವೆ. ಹೊಸಬರಿಗೆ ಮುಂಗಡ ಪಡೆದು ಮಾಲು ಕಳಿಸಿ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಅಚ್ಚು ಹಾಕಿಸಿ, ಹಳೆಯ ಬಿಲ್ಲು ತೀರದೆ ಮುಂದಿನ ಗಂಟು ಕಟ್ಟಬೇಡಿ. ಕೊಂಡವರು ಹಣ ಕೊಡದಿದ್ದರೂ ಜಿಎಸ್‌ಟಿ ಕಟ್ಟುವ ಹೊಣೆ ನಿಮ್ಮದೇ ಆದ್ದರಿಂದ, ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕುವುದು ಒಳ್ಳೆಯದು.

ಪ್ರಚಾರಕ್ಕೆಂದು ಈಗ ಏನಾದರೂ ಖರ್ಚು ಮಾಡುವುದಿದ್ದರೆ ಸ್ವಂತ ಲೇಬಲ್ಲಿನ ಹೆಸರಿಗೆ ಮಾಡಿ. ಉಡುಪುಗಳ 25ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿಗೆ ಸಣ್ಣ ಉದ್ಯಮದವರು ಆನ್‌ಲೈನ್‌ನಲ್ಲಿ ಕಟ್ಟಬೇಕಾದ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿಯಾದರೆ 10 ವರ್ಷ ಊರ್ಜಿತ. ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗಿಗೆ ದುಡ್ಡು ಬೇಕಾಗಿಲ್ಲ. ಹಗಲು ಬೆಳಕಿನಲ್ಲಿ ತೆಗೆದ, ಹೊಲಿಗೆಯೂ ಜೇಬಿನ ಒಳಬಟ್ಟೆಯೂ ಕಾಣುವ ಚಿತ್ರಗಳು ಸಗಟು ಗಿರಾಕಿಗೆ ಸಾಕು. ಹೆಸರಾಂತ ಕಂಪನಿಯ ಲೇಬಲ್ ಹಚ್ಚಿಕೊಡಿ ಎಂದು ಕೇಳುವ ಗಿರಾಕಿ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಆ ಅಪರಾಧಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವಿದೆ.

ಪ್ರಶ್ನೆ: ಗಂಗಾವತಿಯಲ್ಲಿ ಅಕ್ಕಿ ಕೊಂಡು ಮಾರುವ ಅಂಗಡಿಯಿದೆ. 45 ದಿನಗಳ ನಿಯಮ ನನಗೂ ಅನ್ವಯಿಸುತ್ತದೆಯೇ? ಉದ್ಯಮ್ ನೋಂದಣಿಗೆ ಏಜೆಂಟರೊಬ್ಬರು 2,500 ಕೇಳುತ್ತಿದ್ದಾರೆ.

ಉತ್ತರ: ಅನ್ವಯಿಸುವುದಿಲ್ಲ. 2021ರಿಂದ ವ್ಯಾಪಾರಿಗಳೂ ಉದ್ಯಮ್ ನೋಂದಣಿ ಪಡೆಯಬಹುದಾದರೂ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಭತ್ತ ತಂದು ನೀವೇ ಮಿಲ್ಲು ಮಾಡಿಸುವವರಾಗಿದ್ದರೆ ಮಾತು ಬೇರೆ, ಆಗ ನೀವು ತಯಾರಕರು. ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಆಧಾರ್, ಪ್ಯಾನ್, ಜಿಎಸ್‌ಟಿ ವಿವರಗಳಿದ್ದರೆ ನೀವೇ ಮಾಡಿಕೊಳ್ಳಬಹುದು.