ಬ್ಯಾಕ್‌ವಾಶ್ ಮಾಡಿದರೂ ಪ್ರೆಶರ್ ಮತ್ತೆ ಏರಿದರೆ
ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿದ ಮರುದಿನವೇ ಈಜುಕೊಳದ ಮರಳಿನ ಫಿಲ್ಟರ್‌ನ ಪ್ರೆಶರ್ ಮತ್ತೆ ಏರುತ್ತದೆ, ಕೊಳಕ್ಕೆ ಬಿಡುವುದು ಬೋರ್‌ವೆಲ್ ನೀರು ಎಂದಿದ್ದೀರಿ. ಹಾಗಾದರೆ ನನ್ನ ಅನುಮಾನ ಮರಳಿನ ಮೇಲೆಯೇ. ಗಡಸು ನೀರಿನ ಸುಣ್ಣ ಕೂತು ಅದು ಗಟ್ಟಿಯಾಗಿರಬಹುದು. ಪಂಪ್ ನಿಲ್ಲಿಸಿ, ಒತ್ತಡ ಇಳಿಸಿ, ಮುಚ್ಚಳ ತೆಗೆದು ಕೈಯಾಡಿಸಿ ನೋಡಿ: ಒಳ್ಳೆಯ ಮರಳು ಬೆರಳ ಸಂದಿಯಲ್ಲಿ ಜಾರುತ್ತದೆ, ಕೆಟ್ಟದ್ದು ಹೆಂಟೆಯಾಗಿ ಕೈಗೆ ಬರುತ್ತದೆ. ಹೆಂಟೆ ಸಿಕ್ಕರೆ ಬದಲಾಯಿಸುವುದೇ ಲೇಸು. ಕಟ್ಟಡದ ಮರಳು ಬೇಡವೇ ಬೇಡ, ಫಿಲ್ಟರ್‌ಗೆಂದೇ ಸಿಗುವ ಸಿಲಿಕಾ ಮರಳು ತನ್ನಿ. ಟ್ಯಾಂಕಿಗೆ ಅರ್ಧ ನೀರು ತುಂಬಿ, ನಡುವಿನ ಕೊಳವೆಯ ಬಾಯಿ ಮುಚ್ಚಿ ಸುರಿಯಿರಿ. ಇಲ್ಲದಿದ್ದರೆ ತಳದ ಕೊಳವೆಗಳು ಮುರಿದು ಮರಳು ಕೊಳಕ್ಕೇ ಬಂದೀತು.

ಮರಳು ಸರಿಯಿದ್ದರೆ ಬ್ಯಾಕ್‌ವಾಶ್ ಅವಸರದಲ್ಲಿ ಮುಗಿಯುತ್ತಿರಬೇಕು. ಹೊರಹೋಗುವ ನೀರು ಕಾಣುವ ಪುಟ್ಟ ಗಾಜಿನಲ್ಲಿ ನೀರು ತಿಳಿಯಾಗುವವರೆಗೂ ಬಿಡಿ, ಆಮೇಲೆ ವಾಲ್ವ್ ಅನ್ನು ರಿನ್ಸ್‌ಗೆ (ನೀರನ್ನು ಮುಮ್ಮುಖವಾಗಿ ಹರಿಸಿ ಹೊರಬಿಡುವುದು) ಇಟ್ಟು ಅರ್ಧ ನಿಮಿಷ ಬಿಡಿ. ವಾಲ್ವ್ ತಿರುಗಿಸುವಾಗಲೆಲ್ಲ ಪಂಪ್ ಆಫ್ ಇರಲಿ.