ಸ್ನಾನ ಆಯಿತು ಎನ್ನುತ್ತಾನೆ, ಸೋಪು ಮಾತ್ರ ಒಣಗಿಯೇ ಇರುತ್ತದೆ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಕಳೆದ ಆರೇಳು ತಿಂಗಳಿನಿಂದ ಅವನು ಶಾಲೆಯಿಂದ ಬಂದು ಪಕ್ಕದಲ್ಲಿ ಕುಳಿತರೆ ಬೆವರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಸ್ನಾನಕ್ಕೆ ಕಳಿಸಿದರೆ ಐದೇ ನಿಮಿಷದಲ್ಲಿ ಹೊರಗೆ ಬಂದು ‘ಆಯಿತು’ ಎನ್ನುತ್ತಾನೆ. ಒಳಗೆ ಹೋಗಿ ನೋಡಿದರೆ ಸೋಪು ಡಬ್ಬಿಯಲ್ಲಿ ಒಣಗಿಯೇ ಇರುತ್ತದೆ. ವಾಸನೆ ಬರುತ್ತಿದೆ ಎಂದರೆ ‘ನನಗೇನೂ ಬರುತ್ತಿಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಮೊನ್ನೆ ಸಿಟ್ಟಿನ ಭರದಲ್ಲಿ ಅವನ ತಂಗಿಯ ಎದುರಿಗೇ ‘ನಾರುತ್ತಿದ್ದೀಯ’ ಎಂದುಬಿಟ್ಟೆ. ಅಂದಿನಿಂದ ಅವನು ನನ್ನ ಹತ್ತಿರ ಕೂರುವುದನ್ನೇ ಬಿಟ್ಟಿದ್ದಾನೆ. ಇದನ್ನು ಹೇಗೆ ಸರಿಪಡಿಸಲಿ?

ಉತ್ತರ: ‘ನನಗೇನೂ ಬರುತ್ತಿಲ್ಲ’ ಎಂದು ನಿಮ್ಮ ಮಗ ಹೇಳುವಾಗ ಅವನು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ನೀವು ಮೊದಲು ನಂಬಬೇಕು. ಒಂದೇ ವಾಸನೆ ಎಡೆಬಿಡದೆ ಮೂಗಿಗೆ ತಾಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಸುಗಂಧ ಹಚ್ಚಿಕೊಂಡವರಿಗೆ ಕ್ರಮೇಣ ಅದರ ಪರಿಮಳ ತಿಳಿಯದೆ ಹೋಗುವುದೂ, ಪಕ್ಕದಲ್ಲಿ ಬಂದು ಕುಳಿತವರಿಗೆ ಅದು ಚೆನ್ನಾಗಿ ತಿಳಿಯುವುದೂ ಇದೇ ಕಾರಣಕ್ಕೆ. ತನ್ನ ಮೂಗು ಹೇಳದ ಸಂಗತಿಯನ್ನು ಬೇರೆಯವರು ಹೇಳಿದಾಗ, ಅದೂ ತಂಗಿಯ ಎದುರಿಗೆ ಹೇಳಿದಾಗ, ಹನ್ನೊಂದರ ಹುಡುಗನಿಗೆ ಅದು ಅವಮಾನವಾಗಿ ಮಾತ್ರ ಕೇಳಿಸುತ್ತದೆ.

ಆ ಮಾತಿಗೆ, ಅವನೊಬ್ಬನೇ ಇರುವಾಗ, ಕ್ಷಮೆ ಕೇಳಿ. ಕೇಳಿದ ಮರುಗಳಿಗೆಯಲ್ಲಿ ಸ್ನಾನದ ಪಾಠ ಶುರು ಮಾಡಬೇಡಿ. ಒಂದೆರಡು ದಿನ ಕಳೆಯಲಿ. ಆಮೇಲೆ ಬಟ್ಟೆ ಮಡಚುತ್ತಲೋ, ಜೊತೆಯಲ್ಲಿ ನಡೆದುಹೋಗುತ್ತಲೋ, ಅವನ ಮೈಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಸಿ. ನಮ್ಮ ಮೈಯಲ್ಲಿ ಎರಡು ಬಗೆಯ ಬೆವರಿನ ಗ್ರಂಥಿಗಳಿವೆ. ಒಂದು ಬಗೆಯವು ಹುಟ್ಟಿನಿಂದಲೂ ಮೈಯೆಲ್ಲ ಇದ್ದು, ಹೆಚ್ಚಾಗಿ ಉಪ್ಪುನೀರನ್ನು ಸುರಿಸಿ ಮೈಯನ್ನು ತಂಪಾಗಿಡುತ್ತವೆ. ಇನ್ನೊಂದು ಬಗೆಯವು ಮುಖ್ಯವಾಗಿ ಕಂಕುಳು ಮತ್ತು ತೊಡೆಸಂದುಗಳಲ್ಲಿದ್ದು, ಹರೆಯ ಹತ್ತಿರವಾದಾಗಲಷ್ಟೇ ಎಚ್ಚರಗೊಳ್ಳುತ್ತವೆ. ಅವುಗಳಿಂದ ಬರುವ ಬೆವರಿನಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶವಿರುತ್ತದೆ. ಆ ಬೆವರಿಗೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವುದೇ ನೀವು ಹೇಳುತ್ತಿರುವ ವಾಸನೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದ ನಡುವೆ ಹರೆಯದ ಬದಲಾವಣೆಗಳು ಆರಂಭವಾಗುತ್ತವೆ, ಮೈವಾಸನೆ ಎಷ್ಟೋ ಮಕ್ಕಳಲ್ಲಿ ಅದಕ್ಕೂ ಸ್ವಲ್ಪ ಮೊದಲೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಮಗನಿಗೆ ಆಗಬೇಕಾದದ್ದು ಆಗಬೇಕಾದ ಹೊತ್ತಿನಲ್ಲಿಯೇ ಆಗುತ್ತಿದೆ, ಇದನ್ನು ಅವನಿಗೆ ಇದೇ ಮಾತುಗಳಲ್ಲಿ ಹೇಳಬಹುದು. (ಹುಡುಗಿಯರಲ್ಲಿ 8, ಹುಡುಗರಲ್ಲಿ 9 ತುಂಬುವ ಮೊದಲೇ ದೊಡ್ಡವರಂಥ ಮೈವಾಸನೆಯ ಜೊತೆಗೆ ಕಂಕುಳಲ್ಲಿ ಅಥವಾ ಗುಪ್ತಾಂಗದ ಸುತ್ತ ಕೂದಲು ಕಾಣಿಸಿಕೊಂಡರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.)

ಇನ್ನು ಆ ಒಣಗಿದ ಸೋಪಿನ ವಿಚಾರ. ನನ್ನ ಬಳಿಗೆ ಬರುವ ಈ ವಯಸ್ಸಿನ ಮಕ್ಕಳನ್ನು ‘ಸ್ನಾನದಲ್ಲಿ ಮೊದಲಿನಿಂದ ಕೊನೆಯವರೆಗೆ ಏನೇನು ಮಾಡುತ್ತೀಯ, ಹೇಳು’ ಎಂದು ಕೇಳುವುದು ನನ್ನ ರೂಢಿ. ಹೆಚ್ಚಿನವರು ‘ನೀರು ಹಾಕಿಕೊಳ್ಳುತ್ತೇನೆ’ ಎಂದು ಹೇಳಿ, ಮುಂದೇನು ಹೇಳಬೇಕೆಂದು ತಿಳಿಯದೆ ಅಮ್ಮನ ಮುಖ ನೋಡುತ್ತಾರೆ. ಆರೇಳು ವರ್ಷದವರೆಗೆ ಅವರ ಮೈಯನ್ನು ನಾವೇ ತೊಳೆದಿರುತ್ತೇವೆ, ಆಮೇಲೊಂದು ದಿನ ‘ಇನ್ನು ನೀನೇ ಮಾಡಿಕೋ’ ಎಂದು ಬಾಗಿಲು ಎಳೆದುಕೊಂಡಿರುತ್ತೇವೆ; ನಡುವೆ ನಡೆಯಬೇಕಾಗಿದ್ದ ಕಲಿಕೆ ನಡೆದೇ ಇರುವುದಿಲ್ಲ. ಮಕ್ಕಳ ಸೋಮಾರಿತನ ಎಂದು ನಾವು ಬೈಯುವುದರಲ್ಲಿ ಬಹುಪಾಲು ಹೀಗೆ ನಾವೇ ಬಿಟ್ಟ ಪಾಠ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈಗ ಕಲಿಸಿ. ಸೋಪನ್ನು ಅಂಗೈಯಲ್ಲಿ ನೊರೆ ಮಾಡಿಕೊಂಡು ಕತ್ತಿನ ಹಿಂಭಾಗ, ಕಿವಿಯ ಹಿಂದೆ, ಎರಡೂ ಕಂಕುಳು, ತೊಡೆಸಂದು, ಪೃಷ್ಠ, ಕಾಲ್ಬೆರಳುಗಳ ಸಂದು ಇಷ್ಟನ್ನು ಕೈಯಿಂದ ಉಜ್ಜಿ ತೊಳೆಯಬೇಕು, ಆಮೇಲೆ ಅದೇ ಜಾಗಗಳನ್ನು ಟವೆಲಿನಿಂದ ಒತ್ತಿ ಒರೆಸಬೇಕು ಎಂಬುದನ್ನು ಬಟ್ಟೆ ತೊಟ್ಟುಕೊಂಡೇ ಕೈಸನ್ನೆಯಲ್ಲಿ ಒಮ್ಮೆ ಮಾಡಿ ತೋರಿಸಿದರೆ ಸಾಕು. ಒಳಗೆ ಬಂದು ನಿಲ್ಲುವ ಅಗತ್ಯವಿಲ್ಲ, ಅವನು ಒಪ್ಪುವುದೂ ಇಲ್ಲ. ಹೆಚ್ಚಿನ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಮಾತನ್ನೂ ಹುಡುಗರಿಗೆ ಹೇಳಬೇಕು. ಶಿಶ್ನದ ಮುಂದೊಗಲು ಸರಾಗವಾಗಿ ಹಿಂದೆ ಸರಿಯುವಂತಿದ್ದರೆ ಅದನ್ನು ಮೆಲ್ಲಗೆ ಸರಿಸಿ, ಬರಿಯ ನೀರಿನಿಂದ ತೊಳೆದು, ಮತ್ತೆ ಮುಂದಕ್ಕೆ ತಂದುಕೊಳ್ಳಬೇಕು. ಸರಿಯದಿದ್ದರೆ ಬಲವಂತ ಮಾಡಲೇಬಾರದು, ಹರೆಯ ಬಂದಂತೆ ಬಹುಪಾಲು ಹುಡುಗರಲ್ಲಿ ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ವಾಸನೆ ಬಂದಾಗ ಸ್ನಾನ ಎಂಬ ನಿಯಮ ಅವನ ವಿಷಯದಲ್ಲಿ ನಡೆಯದು, ಏಕೆಂದರೆ ವಾಸನೆ ಅವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಸ್ನಾನವನ್ನು ದಿನದಲ್ಲಿ ಹೇಗಿದ್ದರೂ ನಡೆಯುವ ಇನ್ನೊಂದು ಕೆಲಸಕ್ಕೆ ಕಟ್ಟಿಹಾಕಿ: ಆಟ ಮುಗಿಸಿ ಬಂದು ಬೂಟು ಬಿಚ್ಚಿದ ಮೇಲೆ ಸ್ನಾನ, ಸ್ನಾನವಾದ ಮೇಲೆ ಒಗೆದ ಬಟ್ಟೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಷ್ಟು ಮೈಗೂಡಲು ವಯಸ್ಕರಿಗೆ ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳವರೆಗೆ ಬೇಕಾಗಬಹುದೆಂಬುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಕಲಿಕೆ ಕೆಡಲಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ದೊಡ್ಡವರ ಪಾಡೇ ಹೀಗಿರುವಾಗ, ಎರಡು ವಾರ ಹೇಳಿ ‘ಇವನಿಗೆ ಹೇಳಿ ಪ್ರಯೋಜನವಿಲ್ಲ’ ಎಂದು ಕೈಚೆಲ್ಲಬೇಡಿ.

ಡಿಯೋಡರೆಂಟ್ ಬೇಕೆಂದು ಅವನು ಕೇಳಿದರೆ ಕೊಡಿಸಬಹುದು, ಆದರೆ ಅದನ್ನು ತೊಳೆದು ಒರೆಸಿದ ಕಂಕುಳಿಗೆ ಹಚ್ಚಬೇಕು. ಸ್ನಾನದ ಬದಲಿಗೆ ಅಲ್ಲ. ಪಾಲಿಯೆಸ್ಟರ್ ಬಟ್ಟೆಯಲ್ಲಿ ವಾಸನೆ ಹತ್ತಿಬಟ್ಟೆಗಿಂತ ಹೆಚ್ಚು ಉಳಿದುಕೊಳ್ಳುತ್ತದೆ, ಆದ್ದರಿಂದ ಆಟದ ಅಂಗಿಯನ್ನು ಒಳಮೈ ಹೊರಗೆ ಮಾಡಿ ಒಗೆಯಿರಿ. ಸಾಕ್ಸ್ ದಿನವೂ ಬದಲಾಗಬೇಕು, ಬೂಟಿಗೆ ಒಣಗಲು ಒಂದಿಡೀ ದಿನ ಸಿಕ್ಕಿದರೆ ಒಳ್ಳೆಯದು.

ಪ್ರಶ್ನೆ: ಹತ್ತು ವರ್ಷದ ಮಗಳನ್ನು ನಾನೊಬ್ಬನೇ ಬೆಳೆಸುತ್ತಿದ್ದೇನೆ. ಅವಳ ಒಳಉಡುಪಿನಲ್ಲಿ ಕೆಲವು ವಾರಗಳಿಂದ ಬಿಳಿಯ ಕಲೆ ಕಾಣುತ್ತಿದೆ. ಶುಚಿತ್ವದ ಕೊರತೆಯೇ? ಯಾವ ಸೋಪು ಕೊಡಬೇಕು? ತಂದೆಯಾದ ನಾನು ಇದನ್ನೆಲ್ಲ ಮಾತನಾಡಿದರೆ ಅವಳು ನಾಚಿಕೊಳ್ಳುವಳೇ?

ಉತ್ತರ: ಇದು ಕೊಳೆಯಲ್ಲ, ಕೊರತೆಯೂ ಅಲ್ಲ. ಮೊದಲ ಮುಟ್ಟಿಗೆ ಸುಮಾರು ಆರು ತಿಂಗಳಿನಿಂದ ಒಂದು ವರ್ಷ ಮೊದಲು, ಹಾರ್ಮೋನುಗಳ ಪ್ರಭಾವದಿಂದ, ಬಿಳಿಯಾದ ಅಥವಾ ಬಣ್ಣವಿಲ್ಲದ ತೆಳುವಾದ ಸ್ರಾವ ಕಾಣಿಸಿಕೊಳ್ಳುವುದು ಸಹಜ. ಯೋನಿಯು ತನ್ನ ಒಳಭಾಗವನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಒಳಗೆ ಸೋಪಾಗಲಿ, ಸುಗಂಧದ ದ್ರವವಾಗಲಿ ಸೋಕಬಾರದು. ಹೊರಭಾಗವನ್ನು ದಿನಕ್ಕೊಮ್ಮೆ ನೀರಿನಿಂದ ತೊಳೆದು ಒರೆಸಿಕೊಂಡರೆ ಸಾಕು. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಎಂಬುದು ಗೊತ್ತಿದೆಯೇ ಎಂದು ಕೇಳಿ ನೋಡಿ. ಸ್ರಾವ ಹಳದಿ ಅಥವಾ ಹಸಿರಾದರೆ, ಕೆಟ್ಟ ವಾಸನೆ ಬಂದರೆ, ರಕ್ತ ಬೆರೆತರೆ, ತುರಿಕೆ ಅಥವಾ ಉರಿಮೂತ್ರ ಇದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನೀವು ಮಾತನಾಡಲೇಬೇಕು, ಈಗಲೇ ಮಾತನಾಡಬೇಕು. ಮುಟ್ಟು ಎಂದರೇನು ಎಂದು ತಿಳಿಯದ ಮಗು ಶಾಲೆಯ ಶೌಚಾಲಯದಲ್ಲಿ ಒಬ್ಬಳೇ ರಕ್ತ ನೋಡಿ, ತನಗೆ ಏನೋ ದೊಡ್ಡ ಪೆಟ್ಟಾಗಿದೆಯೆಂದು ಹೆದರಿ ಬಾಗಿಲು ತೆರೆಯದೆ ಕುಳಿತ ಘಟನೆಯನ್ನು ನಾನು ಹತ್ತಿರದಿಂದ ಬಲ್ಲೆ. ಆ ಹೆದರಿಕೆಯ ಮುಂದೆ ಅಪ್ಪನ ಬಾಯಿಂದ ಕೇಳುವ ನಾಚಿಕೆ ಏನೇನೂ ಅಲ್ಲ. ಪ್ಯಾಡನ್ನು ಇಬ್ಬರೂ ಸೇರಿ ಬಿಡಿಸಿ ನೋಡಿ: ಹಿಂಬದಿಯ ಕಾಗದ ಎಲ್ಲಿ ಕೀಳಬೇಕು, ಉಡುಪಿನ ಮೇಲೆ ಹೇಗೆ ಅಂಟಿಸಬೇಕು, ಬಳಸಿದ್ದನ್ನು ಹೇಗೆ ಸುತ್ತಿ ಎಸೆಯಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಎಂದು ಹೇಳಿ, ಎರಡು ಪ್ಯಾಡು ಮತ್ತು ಒಂದು ಒಳಉಡುಪನ್ನು ಪುಟ್ಟ ಚೀಲದಲ್ಲಿ ಹಾಕಿ ಶಾಲೆಯ ಬ್ಯಾಗಿನಲ್ಲಿ ಇಡಿಸಿ. ನಂಬಿಕೆಯ ಹೆಣ್ಣುಮಗಳೊಬ್ಬರು ಬಳಗದಲ್ಲಿದ್ದರೆ ಅವರ ಹೆಸರನ್ನೂ ಹೇಳಿಡಿ, ಆದರೆ ಮಾತನ್ನು ಪೂರ್ತಿ ಅವರಿಗೆ ವಹಿಸಿ ನೀವು ಹಿಂದೆ ಸರಿಯಬೇಡಿ.

ಪ್ರಶ್ನೆ: 12 ವರ್ಷದ ಮಗಳು ಬೆಳಿಗ್ಗೆ ಹಲ್ಲುಜ್ಜುತ್ತಾಳೆ, ರಾತ್ರಿ ಮಾತ್ರ ಎಷ್ಟು ಹೇಳಿದರೂ ಇಲ್ಲ. ಒಂದು ಹೊತ್ತು ಸಾಲದೇ?

ಉತ್ತರ: ಸಾಲದು; ಒಂದನ್ನೇ ಆರಿಸಬೇಕೆಂದರೆ ನಾನು ರಾತ್ರಿಯದನ್ನೇ ಆರಿಸುತ್ತೇನೆ. ನಿದ್ದೆಯಲ್ಲಿ ಬಾಯೊಳಗೆ ಜೊಲ್ಲು ಉತ್ಪತ್ತಿಯಾಗುವುದು ಬಹಳ ಕಡಿಮೆಯಾಗುವುದರಿಂದ, ಬ್ಯಾಕ್ಟೀರಿಯಾಗಳು ಹುಟ್ಟಿಸುವ ಆಮ್ಲ ಹಲ್ಲಿನ ಮೇಲೆ ಹಾಗೆಯೇ ಉಳಿಯುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ತೀರ ಹಿಂದೆ ಎರಡನೆಯ ಶಾಶ್ವತ ದವಡೆಹಲ್ಲು ಮೂಡುತ್ತದೆ, ಬ್ರಷ್ ಅಲ್ಲಿಗೆ ಮುಟ್ಟುವುದೇ ಕಡಿಮೆ. ಅದನ್ನು ಕನ್ನಡಿಯಲ್ಲಿ ಅವಳಿಗೇ ತೋರಿಸಿ. ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಉಜ್ಜಿ ಉಗುಳಬೇಕು, ಕೂಡಲೇ ಬಾಯಿ ಮುಕ್ಕಳಿಸಬಾರದು. ನಿದ್ದೆಗಣ್ಣಿನಲ್ಲಿ ಹೇಳಿದರೆ ಯಾವ ಮಗುವೂ ಏಳುವುದಿಲ್ಲ, ಆದ್ದರಿಂದ ಊಟವಾಗಿ ತುಸು ಹೊತ್ತಿಗೆ, ಅವಳಿನ್ನೂ ಲವಲವಿಕೆಯಿಂದ ಇರುವಾಗಲೇ ಉಜ್ಜಿಸಿಬಿಡಿ. ಪೇಸ್ಟು ನಾಲಿಗೆಗೆ ಉರಿಯುತ್ತದೆ ಎಂಬುದೇ ಕಾರಣವಿರಬಹುದು, ಅದನ್ನೂ ಕೇಳಿ, ಖಾರವಿಲ್ಲದವು ಸಿಗುತ್ತವೆ.

ಪ್ರಶ್ನೆ: ಎಲ್ಲರ ದೂರು ಮಕ್ಕಳು ತೊಳೆಯುವುದಿಲ್ಲ ಎಂದು. ನಮ್ಮ 12 ವರ್ಷದ ಮಗ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೈ ತೊಳೆಯುತ್ತಾನೆ, ಕೈಯ ಚರ್ಮ ಒಡೆದಿದೆ. ಒಳ್ಳೆಯ ಅಭ್ಯಾಸವೆಂದು ಸುಮ್ಮನಿರಬೇಕೆ?

ಉತ್ತರ: ಸುಮ್ಮನಿರಬೇಡಿ. ಕೈಗೆ 20 ಸೆಕೆಂಡು ಸೋಪಿನ ನೊರೆ ತಾಗಿದರೆ ಸಾಕು. ಚರ್ಮ ಒಡೆಯುವಷ್ಟು ತೊಳೆಯುವ ಮಗು ಶುಚಿತ್ವಕ್ಕಾಗಿ ತೊಳೆಯುತ್ತಿರುವುದಿಲ್ಲ, ಬಹುಶಃ ಒಂದು ಭಯವನ್ನು ತಣಿಸಲು ತೊಳೆಯುತ್ತಿರುತ್ತದೆ. ತೊಳೆಯದಿದ್ದರೆ ಏನೋ ಕೆಟ್ಟದ್ದಾಗುತ್ತದೆ ಎಂದು ಅನ್ನಿಸುತ್ತದೆಯೇ, ನಡುವೆ ತಡೆದರೆ ಚಡಪಡಿಸುತ್ತಾನೆಯೇ ಎಂದು ಗಮನಿಸಿ. ಇದು ಗೀಳು ಮನೋರೋಗದ ಲಕ್ಷಣವಾಗಿರಬಹುದು; ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಔಷಧವಿಲ್ಲದ ಆಪ್ತ ಚಿಕಿತ್ಸೆಯಿಂದಲೇ ಅನೇಕ ಮಕ್ಕಳು ಸುಧಾರಿಸುತ್ತಾರೆ. ಬೈದು ನಲ್ಲಿ ನಿಲ್ಲಿಸಬೇಡಿ, ‘ಕೈ ಶುಚಿಯಾಗಿದೆಯೇ’ ಎಂದು ಅವನು ಕೇಳಿದಾಗಲೆಲ್ಲ ಸಮಾಧಾನ ಹೇಳುತ್ತಲೂ ಹೋಗಬೇಡಿ, ಆ ಸಮಾಧಾನವೇ ಗೀಳಿಗೆ ಮೇವಾಗುತ್ತದೆ. ಒಡೆದ ಕೈಗೆ ವ್ಯಾಸಲೀನ್ ಹಚ್ಚುತ್ತಿರಿ, ಮಕ್ಕಳ ಮನೋವೈದ್ಯರನ್ನು ಈ ವಾರವೇ ಕಾಣಿರಿ.