ಕಡಿಮೆ ದರವಿದ್ದರೂ ಟೆಂಡರ್ ಕೈತಪ್ಪಿದ್ದೇಕೆ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿ ಕಚೇರಿ ಸ್ವಚ್ಛತೆಯ ಸಣ್ಣ ಕಂಪನಿ ನನ್ನದು. ಕೌಂಟಿ (ಜಿಲ್ಲೆಯಂಥ ಸ್ಥಳೀಯ ಆಡಳಿತ) ಕರೆದ ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ದರ ಹಾಕಿದ್ದರೂ ತಿರಸ್ಕರಿಸಿದರು. ಏಕಿರಬಹುದು?

ಉತ್ತರ: ಹೆಚ್ಚಿನವರು ಎಡವುವುದು ಕಾಗದಪತ್ರದಲ್ಲೇ. ಟೆಂಡರ್ ಹೊರಬಿದ್ದ ಮೇಲೂ ‘ಅಡೆಂಡಮ್’ ಎಂಬ ತಿದ್ದುಪಡಿಗಳು ಬರುತ್ತವೆ. ಪ್ರತಿಯೊಂದಕ್ಕೂ ಸಹಿ ಹಾಕಿ ಲಗತ್ತಿಸದಿದ್ದರೆ ಬಿಡ್ ಬದಿಗೆ ಸರಿಯಬಹುದು. ಅಲ್ಲಿನ ಕಾನೂನು ನೋಡುವುದು ‘ಅತಿ ಕಡಿಮೆ ಮತ್ತು ಉತ್ತಮ’ ಬಿಡ್ಡನ್ನು. ಹಾಗಾಗಿ ಇಂಥದೇ ಕೆಲಸ ಮಾಡಿಸಿಕೊಂಡವರ ರೆಫರೆನ್ಸ್, ವಿಮೆಯ ಪ್ರಮಾಣಪತ್ರ ಎರಡೂ ಗಟ್ಟಿಯಾಗಿರಲಿ. ಹಿಂದಿನ ಗುತ್ತಿಗೆಯ ದರವನ್ನು ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಕೇಳಿ ಪಡೆಯಿರಿ. ನಿಮ್ಮ ದರ ನಿಗದಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

‘ಸ್ಯಾಮ್’ (SAM) ಎಂಬ ಗುತ್ತಿಗೆದಾರರ ನೋಂದಣಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಗುತ್ತಿಗೆಗಳಿಗೆ ಮಾತ್ರ. ಕೌಂಟಿಯ ಸ್ವಂತ ಪೋರ್ಟಲ್‌ನಲ್ಲಿ ಹೆಸರು ಹಚ್ಚಿ, ಅದು ಎನ್‌ಐಜಿಪಿ ಸಂಕೇತ (ಸರಕು-ಸೇವೆಗಳನ್ನು ವಿಂಗಡಿಸುವ ಸಂಖ್ಯೆ) ಕೇಳಿದರೆ ಸ್ವಚ್ಛತಾ ಸೇವೆಯ 910-39 ಆರಿಸಿ. ತಪ್ಪು ಸಂಕೇತ ಹಾಕಿದರೆ ಟೆಂಡರ್ ಸೂಚನೆಯೇ ನಿಮಗೆ ಬರದು.